ಆಶ್ರಿತಕವಿಯೂ ಸಹೃದಯನೂ

ಮಮ್ಮಟನು ಕಾವ್ಯಪ್ರಯೋಜನಗಳನ್ನು ಎಣಿಸುವಾಗ ಅರ್ಥಪ್ರಾಪ್ತಿಯನ್ನೂ ಅಮಂಗಳನಿವಾರಣೆಯನ್ನೂ ಹೇಳಿ, ಮೊದಲನೆಯದಕ್ಕೆ ಶ್ರೀಹರ್ಷನಿಂದ ಧನವನ್ನು ಪಡೆದವರನ್ನೂ ಎರಡನೆಯದಕ್ಕೆ ಮಯೂರನನ್ನೂ ಉದಾಹರಿಸಿದ್ದಾನೆ. ಕಾವ್ಯದಿಂದಲೇ ಕವಿಗೆ ಅಮಂಗಳವು ಪ್ರಾಪ್ತವಾದರೆ ಗತಿಯೇನೆಂಬುದನ್ನು ಅಲ್ಲಿ ವಿಚಾರಿಸಿಲ್ಲ.

ಪಾಶ್ಚಾತ್ಯದೇಶಗಳಲ್ಲಿ ಈ ಪ್ರಶ್ನೆಯು 1993ರಲ್ಲಿ ತೀಕ್ಷ್ಣವಾಯಿತು. ಆ ವರ್ಷ ಆಲ್ಜೀರಿಯದ ಕಾದಂಬರಿಕಾರ ತಾಹರ್ ಜಾವೂತರು ಗುಂಡೇಟಿನಿಂದ ಹತರಾದರು. ಸಲ್ಮಾನ್ ರಶ್ದಿಯವರ ಮೇಲೆ ಮರಣಾಜ್ಞೆಯು ಹೊರಟು ಆಗಲೇ ನಾಲ್ಕು ವರ್ಷಗಳಾಗಿದ್ದುವು. ಬಳಿಕ ಸ್ಟ್ರಾಸ್‌ಬರ್ಗಿನಲ್ಲಿ ಕೂಡಿದ ಲೇಖಕರ ಸಂಸತ್ತು ‘ಆಶ್ರಯನಗರ’ಗಳ ಏರ್ಪಾಟನ್ನು ಕಲ್ಪಿಸಿತು. 2006ರಲ್ಲಿ ನಾರ್ವೆಯ ಸ್ಟಾವಾಂಗರಿನಲ್ಲಿ ಸ್ಥಾಪಿತವಾದ ನಗರಗಳ ಒಕ್ಕೂಟವು ಅದನ್ನು ಮುಂದುವರಿಸಿಕೊಂಡು ಬಂದಿದೆ. ನಗರವು ವಾಸಕ್ಕೆ ಮನೆಯನ್ನೂ ವೃತ್ತಿವೇತನವನ್ನೂ ಕೊಡುತ್ತದೆ. ಅವಧಿಯು ಸಾಮಾನ್ಯವಾಗಿ 2 ವರ್ಷ. ಪ್ರತಿಫಲವಾಗಿ ಸ್ತುತಿಯನ್ನು ಕೇಳುವುದಿಲ್ಲ.

ಈ ಕಡೆಯ ಮಾತು ಸಣ್ಣದಲ್ಲ. ಬಿಲ್ಹಣನ ವಿಕ್ರಮಾಂಕದೇವಚರಿತವನ್ನು ಓದಿದವರಿಗೆ ಅದರ ಬೆಲೆ ತಿಳಿದೀತು. ಬಿಲ್ಹಣನನ್ನು ಯಾರೂ ಓಡಿಸಲಿಲ್ಲ. ಅವನು ತಾನಾಗಿಯೇ ಕಾಶ್ಮೀರವನ್ನು ಬಿಟ್ಟು, ದೇಶದೇಶಗಳನ್ನು ಸುತ್ತಿ, ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯವನ್ನು ಸೇರಿದನು. ಆದರೂ ಆಶ್ರಯದ ಋಣವೆಂದರೆ ಏನೆಂಬುದಕ್ಕೆ ಅವನಿಗಿಂತ ಸ್ಪಷ್ಟವಾದ ಸಾಕ್ಷಿ ದೊರೆಯುವುದು ಕಷ್ಟ. ವಿಕ್ರಮನು ಅಣ್ಣನಾದ ಸೋಮೇಶ್ವರನನ್ನು ಜಯಿಸಿ 1076ರಲ್ಲಿ ಸಿಂಹಾಸನವನ್ನೇರಿದುದು ಇತಿಹಾಸ. ಕಾವ್ಯದಲ್ಲಾದರೋ ತಂದೆ ಕೊಡಬಂದ ಯೌವರಾಜ್ಯವನ್ನು ವಿಕ್ರಮನೇ ಒಲ್ಲೆನೆನ್ನುತ್ತಾನೆ. ಮುಂದೆ ಸಾಕ್ಷಾತ್ ಶಿವನೇ ಕನಸಿನಲ್ಲಿ ಬಂದು ಯುದ್ಧಕ್ಕೆ ಆಜ್ಞಾಪಿಸುತ್ತಾನೆ. ಭ್ರಾತೃದ್ರೋಹದ ಕಳಂಕವನ್ನು ತೊಳೆಯುವುದಕ್ಕೆ ದೇವರನ್ನೇ ಕರೆಯಬೇಕಾಯಿತು! ವಿದ್ಯಾಪತಿ ಪದವಿಗೂ ಆನೆಗೂ ನೀಲಚ್ಛತ್ರಕ್ಕೂ ಕವಿ ತೆತ್ತ ಬೆಲೆ ಇದು. ಹದಿನೇಳು ಸರ್ಗಗಳ ಋಣ ತೀರಿದ ಮೇಲೆ, ಹದಿನೆಂಟನೆಯದರಲ್ಲಿ ಪ್ರವರಪುರವನ್ನೂ ತನ್ನ ಹುಟ್ಟೂರಾದ ಖೋನಮುಖವನ್ನೂ ನೆನೆಯುವಾಗ ಅವನ ವಾಣಿಗೆ ಬೇರೆಯೇ ಆದ ಹದ ಬರುತ್ತದೆ. ಕಾವ್ಯದಲ್ಲಿ ಅತ್ಯಂತ ಜೀವಂತವಾದ ಭಾಗ ಅದೇ.

ಆದರೆ ಬಿಲ್ಹಣನಿಗೆ ದೊರೆತ ಒಂದು ಸೌಲಭ್ಯವು ಇಂದಿನ ಆಶ್ರಿತನಿಗಿಲ್ಲ. ಖೋನಮುಖದಲ್ಲಿ ಅರ್ಥವಾಗುವ ಶ್ಲೋಕವು ಕಲ್ಯಾಣದ ಸಭೆಯಲ್ಲಿಯೂ ಅರ್ಥವಾಗುತ್ತಿತ್ತು; ಸಂಸ್ಕೃತವು ಕವಿಯ ಜೊತೆಯಲ್ಲಿಯೇ ಸಹೃದಯನನ್ನೂ ಕರೆದೊಯ್ಯುತ್ತಿತ್ತು. ಚೀನದಲ್ಲಿ ಹಲವು ಬಾರಿ ಸೆರೆಮನೆಯನ್ನು ಕಂಡ ಹುವಾಂಗ್ ಷಿಯಾಂಗ್ ಎಂಬ ಕವಿಗೆ 2004ರಲ್ಲಿ ಅಮೆರಿಕೆಯ ಪಿಟ್ಸ್‌ಬರ್ಗ್ ನಗರದಲ್ಲಿ ಮನೆ ದೊರೆಯಿತು. ಅವರು ಆ ಮನೆಯ ಹೊರಗೋಡೆಗಳ ಮೇಲೆಲ್ಲ ತಮ್ಮ ಪದ್ಯಗಳನ್ನು ಚೀನೀ ಲಿಪಿಯಲ್ಲಿ ಬರೆದರು. ದಾರಿಹೋಕರು ನಿಂತು ನೋಡಿದರು; ಆ ಲಿಪಿಯನ್ನು ಓದಬಲ್ಲವರು ಅವರಲ್ಲಿ ವಿರಳ. ಶಬ್ದಾರ್ಥಗಳ ಸಾಹಿತ್ಯವೇ ಕಾವ್ಯವೆಂಬ ಭಾಮಹನ ಲಕ್ಷಣವನ್ನು ಒಪ್ಪುವುದಾದರೆ, ಆ ಗೋಡೆಯ ಮುಂದೆ ಕಾವ್ಯವು ಚಿತ್ರವಾಗಿ ಮಾತ್ರ ಉಳಿಯಿತೆನ್ನಬೇಕು. ಚಿತ್ರಕಾರನಿಗೂ ವಾದ್ಯಗಾರನಿಗೂ ಈ ತೊಡಕು ಇಷ್ಟಿಲ್ಲ. ಕವಿಗೆ ಇದು ಎರಡನೆಯ ಗಡೀಪಾರು.

ಆದುದರಿಂದ ಭಾಷಾಂತರಕಾರನ ಸಂಭಾವನೆಯು ಸೇರದ ವೃತ್ತಿಯನ್ನು ಅರ್ಧವೃತ್ತಿಯೆಂದೇ ಎಣಿಸಬೇಕು. 2 ವರ್ಷವೂ ಅಲ್ಪವೇ. ಹೊಸ ಭಾಷೆಯ ಸಂತೆಮಾತನ್ನು ಕಲಿಯುವಷ್ಟರಲ್ಲಿ ಅದು ಮುಗಿಯುತ್ತದೆ. ಇನ್ನು ದೇಹರಕ್ಷೆಯಾದರೂ ಪೂರ್ಣವೇ? 2022ರ ಆಗಸ್ಟ್ 12ರಂದು ನ್ಯೂಯಾರ್ಕ್ ಸಂಸ್ಥಾನದ ಷಟಾಕ್ವದಲ್ಲಿ ರಶ್ದಿಯವರು ಚೂರಿಯ ಇರಿತಕ್ಕೊಳಗಾದಾಗ, ದೇಶಭ್ರಷ್ಟ ಲೇಖಕರಿಗೆ ಅಮೆರಿಕವು ಆಶ್ರಯವೆಂಬುದೇ ಅಂದಿನ ಸಂವಾದದ ವಿಷಯವಾಗಿತ್ತು. ಜೊತೆಗೆ ಗಾಯಗೊಂಡವರು ಪಿಟ್ಸ್‌ಬರ್ಗಿನ ಆಶ್ರಯಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಹೆನ್ರಿ ರೀಸ್.

ಇಷ್ಟಾದರೂ ಆಶ್ರಯವು ಬೇಡವೆಂದು ಯಾರೂ ಹೇಳಲಾರರು. ಜೀವವುಳಿದ ಕವಿಗೆ ಮಾತ್ರ ಸಹೃದಯನ ಚಿಂತೆ. ಆ ಚಿಂತೆ ನೀಲಚ್ಛತ್ರದ ಕೆಳಗಿದ್ದವನನ್ನೂ ಬಿಡಲಿಲ್ಲ. ಕಾಶ್ಮೀರದಲ್ಲಿ ಹರ್ಷದೇವನು ಕವಿಬಾಂಧವನಾಗಿದ್ದಾನೆಂದು ಕೇಳಿದಾಗ ಬಿಲ್ಹಣನಿಗೆ ಕರ್ಣಾಟದ ತನ್ನ ವೈಭವವೆಲ್ಲವೂ ವಂಚನೆಯೆಂದು ತೋರಿತೆಂದು ಕಲ್ಹಣನು ರಾಜತರಂಗಿಣಿಯಲ್ಲಿ ಬರೆದಿದ್ದಾನೆ.