ನಂಜನಗೂಡಿನ ಆಚಾರ್ಯರಿಗೊಂದು ಗೋಡೆ

ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನನ ಜಾತ್ರೆಗೆ ಬಂದವರು ಕಟ್ಟಿದ ದನಗಳ ಸಾಲು ನೋಡುತ್ತಾರೆ, ತೇರು ನೋಡುತ್ತಾರೆ. ನನಗೆ ದೇವರ ಪಟ ಮಾರುವ ಅಂಗಡಿಯ ಮುಂದೆ ನಿಲ್ಲುವ ಚಾಳಿ. ಪಾರ್ವತಿಯ ಮುಖಕ್ಕೆ ಬೆಳಕು ಎತ್ತಲಿಂದ ಬಿದ್ದಿದೆ, ಸೀರೆಯ ನೆರಿಗೆಗೆ ನೆರಳು ಹೇಗೆ ಇಳಿದಿದೆ ಎಂದು ನೋಡುವಾಗ ಇದೇ ಸೀಮೆಯ ಚಿತ್ರಕಾರ ಎಂ.ಟಿ.ವಿ. ಆಚಾರ್ಯರು ನೆನಪಾಗುತ್ತಾರೆ. 1920ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು.

ಹೆಸರು ಗೊತ್ತಿಲ್ಲದವರಿಗೂ ಅವರ ಚಿತ್ರ ಗೊತ್ತು. ‘ಚಂದಮಾಮ’ದ ಮುಖಪುಟದಲ್ಲಿ ತಿಂಗಳು ತಿಂಗಳೂ ಮಹಾಭಾರತದ ಪ್ರಸಂಗಗಳನ್ನು ಬರೆದ ಕೈ ಅದು. ನಾಗಿರೆಡ್ಡಿ, ಚಕ್ರಪಾಣಿಯವರು 1947ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಆ ಪತ್ರಿಕೆ ಹಲವು ಭಾಷೆಗಳಲ್ಲಿ ಹೊರಡುತ್ತಿತ್ತು. ಆಚಾರ್ಯರ ಭೀಷ್ಮನನ್ನು ಕನ್ನಡದ ಮಕ್ಕಳಂತೆ ತೆಲುಗು, ತಮಿಳು ಮಕ್ಕಳೂ ಕಣ್ತುಂಬ ನೋಡಿದರು.

ಆ ಚಿತ್ರಗಳಲ್ಲಿ ನನಗೆ ಹೆಚ್ಚು ಕಾಣುವುದು ಮೈಸೂರು. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಪುರಾಣಚಿತ್ರಗಳಿವೆ. ದೊಡ್ಡ ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆ, ವೈ. ನಾಗರಾಜು, ಕೆ. ಕೇಶವಯ್ಯ ಮೊದಲಾದವರು 1934ರಿಂದ 1945ರವರೆಗೆ, ಫೋಟೊಗಳನ್ನು ಮುಂದಿಟ್ಟುಕೊಂಡು ಬರೆದದ್ದು. ಸಾಲಾಗಿ ಸಾಗುವ ಅಷ್ಟು ಜನರಲ್ಲಿ ಒಂದೊಂದು ಮುಖವೂ ಇಂಥವರದೇ ಎಂದು ಗುರುತು ಹಿಡಿಯುವಂತಿದೆ. ಭಿತ್ತಿಚಿತ್ರ ಮತ್ತು ಭಾವಚಿತ್ರ ಒಂದೇ ಗೋಡೆಯಲ್ಲಿ ಕೂಡಿದ್ದು ಮೈಸೂರಿನ ದೊಡ್ಡ ಸಾಧನೆ. ಆಚಾರ್ಯರ ಹರೆಯದ ವರ್ಷಗಳೂ ಅವೇ. ಅವರ ಕರ್ಣನಿಗೂ ದ್ರೌಪದಿಗೂ ಗೊಂಬೆಯ ಮುಖವಿಲ್ಲ. ಎಲ್ಲೋ ಕಂಡ ಮನುಷ್ಯರ ಮುಖವಿದೆ. ತೋಳಿನ ಕೆಳಗೆ ಮೂಳೆಯಿದೆ, ಕಣ್ಣಲ್ಲಿ ಸಂಕಟವಿದೆ.

ಇಷ್ಟಾದರೂ ಮುಖಪುಟಗಳಿಗಿಂತ ದೊಡ್ಡದೆಂದು ನಾನು ಎಣಿಸುವುದು ಅವರ ಮೇಷ್ಟರಿಕೆಯನ್ನು. ಚಂದಮಾಮ ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ‘ಆಚಾರ್ಯ ಚಿತ್ರಕಲಾ ಭವನ’ ತೆರೆದು ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರ ಕಲಾಮಂದಿರ 1919ರಿಂದಲೇ ಇತ್ತು. ಆದರೆ ಅಂಥಲ್ಲಿ ಕಲಿಯಬೇಕಾದರೆ ಊರು ಬಿಡಬೇಕು, ಊಟಕ್ಕೂ ಬಾಡಿಗೆಗೂ ದುಡ್ಡು ಹೊಂದಿಸಬೇಕು. ಹೊಲಗದ್ದೆ ಬಿಟ್ಟು ಬರಲಾಗದವರ ಮನೆಬಾಗಿಲಿಗೆ ಪಾಠವನ್ನೇ ಕಳಿಸಿದ್ದು ಆಚಾರ್ಯರ ಔದಾರ್ಯ. ಮಗ್ಗುಲಲ್ಲಿ ಕೂತು, ಕೈಹಿಡಿದು ತಿದ್ದಬೇಕಾದ ವಿದ್ಯೆಯನ್ನು ಕಾಗದದಲ್ಲಿ ಕಲಿಸಲು ಎಷ್ಟು ತಾಳ್ಮೆ ಬೇಕೆಂಬುದು ರೇಖೆ ತಿದ್ದಿದ ಯಾವ ಡ್ರಾಯಿಂಗ್ ಮೇಷ್ಟರಿಗಾದರೂ ಗೊತ್ತು. 1992ರಲ್ಲಿ ಅವರು ತೀರಿಕೊಂಡರು.

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಚಿತ್ರಕಲಾ ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ. ಈ ಬೇಸಿಗೆಯಲ್ಲಿ ನಿಮ್ಮ ಶಾಲೆಯ ಒಂದು ಗೋಡೆಗೆ ಸುಣ್ಣ ಬಳಿಸಿ. ಆಚಾರ್ಯರ ಒಂದು ಚಿತ್ರದ ಪ್ರತಿಯ ಮೇಲೆ ಅಂಗುಲಕ್ಕೊಂದು ಚೌಕ ಎಳೆಯಿರಿ, ಗೋಡೆಯ ಮೇಲೆ ಅಡಿಗೊಂದು. ಮಗುವಿಗೊಂದು ಚೌಕ ಹಂಚಿ ಬರೆಸಿ. ಕೆಳಗೆ ದೊಡ್ಡ ಅಕ್ಷರದಲ್ಲಿ ಅವರ ಹೆಸರನ್ನೂ ಊರನ್ನೂ ಬರೆಯುವುದು ಮರೆಯಬೇಡಿ.