ಪ್ರಮಾದ ಯಾರದು? – ಒಂದು ವ್ಯೋಮಯಾನ ಅಪಘಾತ ವರದಿಯ ವಿಮರ್ಶೆ

ಲೋಕರೂಢಿಯಲ್ಲಿ ‘ಪ್ರಮಾದ’ವೆಂದರೆ ಆಗಬಾರದ ತಪ್ಪು ಆಗಿಹೋಯಿತೆಂದು ಅರ್ಥ. ಜೈನಾಚಾರ್ಯರು ಈ ಶಬ್ದಕ್ಕೆ ಕೊಟ್ಟಿರುವ ಅರ್ಥವು ಇದಕ್ಕಿಂತ ಆಳವಾದುದು. ಅವರ ದೃಷ್ಟಿಯಲ್ಲಿ ಪ್ರಮಾದವೆಂಬುದು ತಪ್ಪು ಘಟಿಸುವ ಕ್ಷಣವಲ್ಲ. ತಪ್ಪಿಗೆ ದಾರಿ ಮಾಡಿಕೊಡುವ ಅನವಧಾನದ ಸ್ಥಿತಿ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ, ಅದನ್ನು ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ಪ್ರವೃತ್ತಿಯೊಡನೆ ಸೇರಿಸಿ ಹೇಳಿರುವುದು ಈ ಕಾರಣದಿಂದಲೇ. ಆದರೆ ಒಂದು ಯಂತ್ರವನ್ನು ನೂರಾರು ಜನರು ಕೂಡಿ ಕಟ್ಟುವ, ಒಬ್ಬನು ನಡೆಸುವ, ಮತ್ತೊಬ್ಬನು ಪರವಾನಗಿ ಕೊಡುವ ಈ ಕಾಲದಲ್ಲಿ ಪ್ರಮಾದವು ಯಾರದೆಂದು ನಿರ್ಣಯಿಸುವುದು ಹೇಗೆ? ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2015ರ ಜುಲೈ 28ರಂದು ಅಂಗೀಕರಿಸಿದ ಒಂದು ಅಪಘಾತ ವರದಿಯು ಈ ಪ್ರಶ್ನೆಗೆ ಉತ್ತರ ಹೇಳಲು ಯತ್ನಿಸಿದೆ. ಧರ್ಮಶಾಸ್ತ್ರದ ಹೆಸರನ್ನೇ ಎತ್ತದ ಆ ವರದಿಯು ಶ್ರಾವಕರ ಪರಿಶೀಲನೆಗೆ ಅರ್ಹವಾದುದು.

ವರದಿಯ ವಿಷಯವು ಪ್ರಯಾಣಿಕರನ್ನು ಬಾಹ್ಯಾಕಾಶದ ಅಂಚಿಗೆ ಕೊಂಡೊಯ್ದು ಮರಳಿ ತರಲು ನಿರ್ಮಿಸಿದ ವ್ಯೋಮವಿಮಾನ. ಇದರ ಮೂಲವು ಬರ್ಟ್ ರುಟಾನ್ ಎಂಬ ವಿನ್ಯಾಸಕಾರರ ‘ಸ್ಪೇಸ್‌ಶಿಪ್ ಒನ್’ ಎಂಬ ಚಿಕ್ಕ ನೌಕೆ. ಅದು 2004ರ ಸೆಪ್ಟೆಂಬರ್ 29 ಮತ್ತು ಅಕ್ಟೋಬರ್ 4ರಂದು ನೂರು ಕಿಲೋಮೀಟರ್ ಎತ್ತರವನ್ನು ದಾಟಿ, ಒಂದು ಕೋಟಿ ಡಾಲರುಗಳ ‘ಎಕ್ಸ್ ಪ್ರೈಜ್’ ಬಹುಮಾನವನ್ನು ಗೆದ್ದಿತು. ಅದೇ ಮಾದರಿಯನ್ನು ಹಿಗ್ಗಿಸಿ, ಇಬ್ಬರು ಚಾಲಕರು ಮತ್ತು ಆರು ಪ್ರಯಾಣಿಕರಿಗಾಗಿ ‘ಸ್ಪೇಸ್‌ಶಿಪ್ ಟೂ’ ನೌಕೆಯನ್ನು ‘ವರ್ಜಿನ್ ಗ್ಯಾಲಕ್ಟಿಕ್’ ಸಂಸ್ಥೆಗಾಗಿ ‘ಸ್ಕೇಲ್ಡ್ ಕಾಂಪೊಸಿಟ್ಸ್’ ಕಂಪನಿಯು ಕ್ಯಾಲಿಫೋರ್ನಿಯದ ಮೊಹಾವಿಯಲ್ಲಿ ಕಟ್ಟಿತು. ತಾಯಿವಿಮಾನವೊಂದು ಈ ನೌಕೆಯನ್ನು ಸುಮಾರು ಹದಿನಾಲ್ಕು ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಡುವುದು. ಅಲ್ಲಿ ರಾಕೆಟ್ ಹೊತ್ತಿಕೊಂಡು ನೌಕೆಯು ಮೇಲಕ್ಕೆ ನುಗ್ಗುವುದು. ಕೆಲವು ನಿಮಿಷಗಳ ಭಾರರಹಿತ ಸ್ಥಿತಿಯನ್ನು ಅನುಭವಿಸಿದ ಪ್ರಯಾಣಿಕರು ಭೂಮಿಗೆ ಮರಳುವರು. ಇಷ್ಟಕ್ಕಾಗಿ ಎರಡು ಲಕ್ಷದಿಂದ ಎರಡೂವರೆ ಲಕ್ಷ ಡಾಲರುಗಳ ದರದಲ್ಲಿ ನೂರಾರು ಜನರು, ಪರೀಕ್ಷಾ ಹಾರಾಟಗಳು ಮುಗಿಯುವ ಮೊದಲೇ, ತಮ್ಮ ಸ್ಥಳವನ್ನು ಕಾದಿರಿಸಿಕೊಂಡಿದ್ದರು.

ನೌಕೆಯ ವಿಶೇಷವಿರುವುದು ಅದರ ಬಾಲದಲ್ಲಿ. ಮೇಲಿಂದ ಇಳಿಯುವಾಗ ಅವಳಿ ಬಾಲಗಳು ತಿರುಗಣಿಯ ಮೇಲೆ ಎದ್ದು ನಿಂತು, ಬ್ಯಾಡ್ಮಿಂಟನ್ ಆಟದ ಗರಿಚೆಂಡು ತಾನಾಗಿಯೇ ತಲೆ ಕೆಳಗಾಗಿ ನಿಧಾನವಾಗಿ ಬೀಳುವಂತೆ, ನೌಕೆಯನ್ನು ಸ್ಥಿರವಾಗಿ ಇಳಿಸುತ್ತವೆ. ಇದನ್ನು ‘ಫೆದರ್’ ಎಂದು ಕರೆಯುವರು. ಇಳಿಯುವಾಗ ಜೀವರಕ್ಷಕವಾದ ಇದೇ ಏರ್ಪಾಡು, ಏರುವಾಗ ತಪ್ಪು ವೇಗದಲ್ಲಿ ತೆರೆದುಕೊಂಡರೆ ಪ್ರಾಣಾಂತಕವಾಗುವುದು. ಆದುದರಿಂದ ಬಾಲವನ್ನು ಬಿಗಿಹಿಡಿಯಲು ಅಗುಳಿಗಳಿದ್ದವು. ಧ್ವನಿವೇಗವನ್ನು ದಾಟಿ ಮ್ಯಾಕ್ 1.4, ಎಂದರೆ ಧ್ವನಿಯ 1.4 ಪಟ್ಟು ವೇಗ ಮುಟ್ಟಿದ ಮೇಲೆಯೇ ಸಹಚಾಲಕನು ಅಗುಳಿಯನ್ನು ತೆಗೆಯಬೇಕು. ಬಾಲವನ್ನು ಎತ್ತುವುದಕ್ಕೆ ಬೇರೊಂದು ಹಿಡಿ ಇರುವುದು. ಅಗುಳಿಯನ್ನು ತೆಗೆಯಲು ತಡವಾಗಿ ಮ್ಯಾಕ್ 1.8 ದಾಟಿದರೆ ಹಾರಾಟವನ್ನೇ ನಿಲ್ಲಿಸಬೇಕು. ಈ ಎರಡು ಎಲ್ಲೆಗಳ ನಡುವೆ ದೊರೆಯುವ ಅವಕಾಶ ಕೆಲವೇ ಸೆಕೆಂಡುಗಳು.

2014ರ ಅಕ್ಟೋಬರ್ 31ರಂದು ನಡೆದ ನಾಲ್ಕನೆಯ ರಾಕೆಟ್ ಹಾರಾಟದಲ್ಲಿ ಸಹಚಾಲಕ ಮೈಕೆಲ್ ಆಲ್ಸ್‌ಬರಿಯವರು ಅಗುಳಿಯನ್ನು ಸುಮಾರು ಮ್ಯಾಕ್ 0.8ರಲ್ಲಿಯೇ ತೆಗೆದರು. ಬಾಲವನ್ನು ಎತ್ತುವ ಹಿಡಿಯನ್ನು ಯಾರೂ ಮುಟ್ಟಲಿಲ್ಲ. ಆದರೆ ಆ ವೇಗದಲ್ಲಿ ಗಾಳಿಯ ಒತ್ತಡವೇ ಬಾಲವನ್ನು ಎತ್ತಿತು. ತಾಯಿವಿಮಾನದಿಂದ ಬೇರ್ಪಟ್ಟ ಹದಿನೈದು ಸೆಕೆಂಡುಗಳೊಳಗೆ ನೌಕೆಯು ಆಕಾಶದಲ್ಲಿಯೇ ಚೂರುಚೂರಾಯಿತು. ಆಲ್ಸ್‌ಬರಿಯವರು ಮೃತರಾದರು, ಹೊರಕ್ಕೆ ಎಸೆಯಲ್ಪಟ್ಟ ಚಾಲಕ ಪೀಟರ್ ಸೀಬೋಲ್ಡ್ ಅವರು ಪ್ಯಾರಾಚೂಟ್ ತಾನಾಗಿ ಬಿಚ್ಚಿಕೊಂಡುದರಿಂದ ತೀವ್ರ ಗಾಯಗಳೊಡನೆ ಬದುಕುಳಿದರು.

ಅಪಘಾತವಾದೊಡನೆ ಲೋಕವು ಎರಡು ಬಗೆಯ ತೀರ್ಪುಗಳಿಗೆ ಮುಂದಾಯಿತು. ಮೊದಲು ರಾಕೆಟ್ಟಿನ ಇಂಧನವೇ ಸಿಡಿದಿರಬೇಕೆಂಬ ಊಹೆ ಹಬ್ಬಿತು. ಎಂಜಿನ್ನೂ ಇಂಧನ ತೊಟ್ಟಿಯೂ ಅಖಂಡವಾಗಿ ದೊರೆತುವೆಂದು ತನಿಖೆಯವರು ತಿಳಿಸಿದ ಮೇಲೆ, ಅಗುಳಿಯನ್ನು ತೆಗೆದ ಕೈಯ ಕಡೆಗೆ ಬೆರಳುಗಳು ತಿರುಗಿದವು. ಕ್ಯಾಮೆರಾದಲ್ಲಿ ಆ ಕೈ ಕಾಣುತ್ತಿತ್ತು. ಸತ್ತವನು ಉತ್ತರ ಹೇಳಲಾರನು. ಇಲ್ಲಿಗೆ ವಿಚಾರವನ್ನು ಮುಗಿಸುವುದು ಎಲ್ಲರಿಗೂ ಸುಲಭವಾಗಿತ್ತು.

ಸುರಕ್ಷತಾ ಮಂಡಳಿಯು ಹಾಗೆ ಮುಗಿಸಲಿಲ್ಲವೆಂಬುದೇ ಈ ವರದಿಯ ಹಿರಿಮೆ. ಒಬ್ಬ ಮನುಷ್ಯನ ಒಂದೇ ತಪ್ಪು ಇಡೀ ನೌಕೆಯನ್ನು ನಾಶಮಾಡಬಲ್ಲದೆಂಬ ಸಾಧ್ಯತೆಯನ್ನು ನಿರ್ಮಾತೃ ಕಂಪನಿಯು ಎಣಿಸದೆ ಹೋದುದೂ ಅದಕ್ಕೆ ತಡೆಯನ್ನು ಇಡದೆ ಹೋದುದೂ ಅಪಘಾತದ ಸಂಭವನೀಯ ಕಾರಣವೆಂದು ಅದು ನಿರ್ಣಯಿಸಿತು. ಸಹಚಾಲಕನ ಕೃತ್ಯವನ್ನು ಮುಚ್ಚಿಡಲಿಲ್ಲ. ಆದರೆ ಅದನ್ನು ಎರಡನೆಯ ಸ್ಥಾನದಲ್ಲಿ ಇರಿಸಿತು. ಕ್ಷಣಗಳ ಒತ್ತಡ, ಏರುವಾಗಿನ ಅದುರು, ದೇಹದ ಮೇಲಿನ ಭಾರ ಇವು ಆ ಕೃತ್ಯಕ್ಕೆ ಹಿನ್ನೆಲೆಯಾದುವೆಂದು ವಿವರಿಸಿತು. ಆತನು ಈ ಮೊದಲು ರಾಕೆಟ್ ಹಾರಾಟದ ಅನುಭವ ಪಡೆದುದು 2013ರ ಏಪ್ರಿಲ್‌ನಲ್ಲಿ. ನೆಲದ ಮೇಲಿನ ಅಭ್ಯಾಸಯಂತ್ರದಲ್ಲಿ ಆ ಅದುರೂ ಭಾರವೂ ಇರುತ್ತಿರಲಿಲ್ಲ. ಅಗುಳಿಯನ್ನು ಬೇಗನೆ ತೆಗೆದರೆ ಸರ್ವನಾಶವೆಂಬ ಎಚ್ಚರಿಕೆಯು ಚಾಲಕರ ಕೈಪಿಡಿಯಲ್ಲಿ ಇರಲಿಲ್ಲ. ಕಟ್ಟಿದವರಿಗೆ ತಿಳಿದಿದ್ದ ಅಪಾಯವು ನಡೆಸುವವನ ಕಣ್ಣ ಮುಂದೆ ಬರಹವಾಗಿ ನಿಲ್ಲಲಿಲ್ಲ.

ವ್ಯಾಪಾರದ ಬಲ್ಲವರಿಗೆ ಈ ನ್ಯಾಯವು ಅಪರಿಚಿತವಲ್ಲ. ಗುಮಾಸ್ತನೊಬ್ಬನು ಒಂದು ಸೊನ್ನೆಯನ್ನು ಹೆಚ್ಚಾಗಿ ಬರೆದುದರಿಂದ ಅಂಗಡಿಯೇ ಮುಳುಗಿತೆಂದರೆ, ಒಳ್ಳೆಯ ಲೆಕ್ಕಪರಿಶೋಧಕನು ಗುಮಾಸ್ತನನ್ನು ಮಾತ್ರ ಕೇಳುವುದಿಲ್ಲ. ಎರಡನೆಯ ರುಜು ಏಕಿರಲಿಲ್ಲವೆಂದು ಯಜಮಾನನನ್ನು ಕೇಳುತ್ತಾನೆ. ಮನುಷ್ಯನು ತಪ್ಪುತ್ತಾನೆಂಬುದು ತಿಳಿದ ಸಂಗತಿ. ತಿಳಿದ ಸಂಗತಿಗೆ ಏರ್ಪಾಡು ಮಾಡದಿರುವುದೇ ಪ್ರಮಾದ.

ಪಂಚಸಮಿತಿಗಳಲ್ಲಿ ಆದಾನನಿಕ್ಷೇಪಣ ಸಮಿತಿಯೆಂಬುದೊಂದಿದೆ. ಪಿಂಛಿ, ಕಮಂಡಲು, ಶಾಸ್ತ್ರಗ್ರಂಥ ಯಾವುದನ್ನು ಎತ್ತುವಾಗಲೂ ಇಡುವಾಗಲೂ ಮುನಿಗಳು ನೋಡಿ, ಸವರಿ, ಜೀವಿಗಳಿಗೆ ನೋವಾಗದಂತೆ ನಡೆದುಕೊಳ್ಳಬೇಕೆಂಬುದು ಅದರ ತಾತ್ಪರ್ಯ. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಎಚ್ಚರದಿಂದಿರಿ ಎಂದು ಉಪದೇಶಿಸಿದ ಧರ್ಮವು ಉಪದೇಶದಲ್ಲಿಯೇ ನಿಲ್ಲಲಿಲ್ಲ. ಸವರುವುದಕ್ಕೆ ಮುನಿಯ ಕೈಗೆ ಪಿಂಛಿಯನ್ನೂ ಕೊಟ್ಟಿತು. ಎಚ್ಚರಕ್ಕೆ ಸಾಧನವು ಬೇಕು. ಮೊಹಾವಿಯ ಸಹಚಾಲಕನಿಂದ ಎಚ್ಚರವನ್ನು ನಿರೀಕ್ಷಿಸಿದವರು ಎಚ್ಚರದ ಸಾಧನವನ್ನು ಕೊಟ್ಟಿರಲಿಲ್ಲ. ಅಪಘಾತದ ತರುವಾಯ ಮುಂದಿನ ನೌಕೆಯಲ್ಲಿ, ಅಪಾಯಕರವಾದ ವೇಗದಲ್ಲಿ ಅಗುಳಿಯನ್ನು ತೆಗೆಯಲಾಗದಂತೆ ಯಾಂತ್ರಿಕ ತಡೆಯೊಂದನ್ನು ಅಳವಡಿಸಿದರು. ಒಂದು ಪ್ರಾಣವು ಹೋದ ಮೇಲೆ ಬಂದ ಆ ತಡೆಯು ಮೊದಲೇ ಬರಬಹುದಾಗಿತ್ತು.

ವರದಿಯು ಸರ್ಕಾರವನ್ನೂ ಬಿಡಲಿಲ್ಲ. ಪರವಾನಗಿ ಕೊಡುವ ಫೆಡರಲ್ ವಿಮಾನಯಾನ ಆಡಳಿತದ ನಿಯಮದಂತೆ, ಮನುಷ್ಯದೋಷದಿಂದ ಒದಗುವ ಅಪಾಯಗಳ ವಿಶ್ಲೇಷಣೆಯನ್ನು ಕಂಪನಿಯು ಒಪ್ಪಿಸಬೇಕಾಗಿತ್ತು. ಒಪ್ಪಿಸಿದುದು ಅಸಮರ್ಪಕವಾಗಿದ್ದರೂ, ಕಂಪನಿಯು ಕೇಳದೆಯೇ ಆ ನಿಯಮದಿಂದ ವಿನಾಯಿತಿ ನೀಡಲಾಯಿತು. ಜೈನ ಪರಿಭಾಷೆಯಲ್ಲಿ ಕೃತ, ಕಾರಿತ, ಅನುಮತ ಎಂಬ ಮೂರು ವಿಧಗಳುಂಟು. ಅಗುಳಿಯನ್ನು ತೆಗೆದುದು ಕೃತ. ತಡೆಯಿಲ್ಲದ ನೌಕೆಯನ್ನು ಕಟ್ಟಿ ಹಾರಿಸಿದುದು ಕಾರಿತ. ನೋಡಿಯೂ ಆಗಲಿ ಎಂದುದು ಅನುಮತ. ಒಬ್ಬನು ಮಾಡಿದ ಹಿಂಸೆಯ ಫಲಕ್ಕೆ ಹಲವರು ಭಾಗಿಗಳಾಗಬಹುದೆಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಸೂಚಿಸಿರುವುದು ಇಂಥ ಸಂದರ್ಭದಲ್ಲಿ ಸ್ಪಷ್ಟವಾಗಿ ಮನದಟ್ಟಾಗುತ್ತದೆ. ಶಾಸ್ತ್ರದ ಈ ಸೂಕ್ಷ್ಮವನ್ನು ಎಂಜಿನಿಯರುಗಳ ತನಿಖೆಯೊಂದು ತನ್ನದೇ ದಾರಿಯಿಂದ ಬಹುಪಾಲು ತಲಪಿರುವುದು ಮೆಚ್ಚತಕ್ಕ ವಿಷಯ.

ಆದರೆ ವರದಿಯು ನಿಲ್ಲುವ ಎಡೆಯಲ್ಲಿ ಶ್ರಾವಕನ ವಿಚಾರವು ನಿಲ್ಲಲಾಗದು. ಅನುಮತದ ಸರಪಳಿಯಲ್ಲಿ ಮತ್ತೊಂದು ಕೊಂಡಿಯಿದೆ: ಹಣ ಕೊಟ್ಟು ಸರದಿಯಲ್ಲಿ ಕಾದವರು. ಅಮೆರಿಕದ 2004ರ ಕಾಯಿದೆಯ ಪ್ರಕಾರ, ನೌಕೆಯು ಸುರಕ್ಷಿತವೆಂದು ಸರ್ಕಾರವು ದೃಢೀಕರಿಸಿಲ್ಲವೆಂಬುದನ್ನು ತಿಳಿದು ಪ್ರಯಾಣಿಕನು ಲಿಖಿತ ಸಮ್ಮತಿಯನ್ನು ಕೊಡಬೇಕು. ಪ್ರಯಾಣಿಕರ ರಕ್ಷಣೆಗಾಗಿ ನಿಯಮಗಳನ್ನು ರಚಿಸುವ ಅಧಿಕಾರವನ್ನು ಆ ಕಾಯಿದೆಯು ಬಹುಮಟ್ಟಿಗೆ ತಡೆಹಿಡಿಯಿತು. ಮೊದಲು ಎಂಟು ವರ್ಷಗಳೆಂದಿದ್ದ ಆ ಅವಧಿಯನ್ನು ಮತ್ತೆ ಮತ್ತೆ ಮುಂದೂಡಿ, 2024ರಲ್ಲಿ 2028ರ ಆರಂಭದವರೆಗೆ ವಿಸ್ತರಿಸಲಾಯಿತು. ಸ್ವಂತ ಪ್ರಾಣದ ಅಪಾಯಕ್ಕೆ ಒಬ್ಬನು ರುಜು ಹಾಕಬಹುದು. ತನ್ನ ವಿನೋದಕ್ಕಾಗಿ ಮತ್ತೊಬ್ಬನು ಎದುರಿಸುವ ಅಪಾಯಕ್ಕೆ ಅವನು ರುಜು ಹಾಕಲಾರನು. ಕಾದಿರಿಸಿದ ಪ್ರತಿಯೊಂದು ಸ್ಥಳವೂ ಬೇಗನೆ ಹಾರಿಸಿರೆಂಬ ಒತ್ತಾಯವಾಗಿ ಪರೀಕ್ಷಾ ಚಾಲಕನನ್ನು ತಲಪುತ್ತದೆ. ಪ್ರಯಾಣಿಕರನ್ನು ವಿಚಾರಿಸುವುದು ಸುರಕ್ಷತಾ ಮಂಡಳಿಯ ಅಧಿಕಾರವ್ಯಾಪ್ತಿಗೆ ಸೇರಿದುದಲ್ಲ. ಆದುದರಿಂದ ಇದು ವರದಿಯ ದೋಷವಲ್ಲ, ಮಿತಿ.

ಹಾಗಾದರೆ ಪರೀಕ್ಷಾ ಹಾರಾಟಗಳೇ ಅಧರ್ಮವೆನ್ನಬೇಕೆ? ಹಾಗೆನ್ನುವುದು ಅವಸರದ ಮಾತಾದೀತು. ಅಪಾಯವನ್ನು ಪ್ರಯಾಣಿಕರಿಗಿಂತ ಮೊದಲು ತಾನು ಕಂಡುಹಿಡಿಯಲು ಹೊರಟ ಚಾಲಕನ ಕಾರ್ಯದಲ್ಲಿ ಪರರಕ್ಷಣೆಯ ಅಂಶವಿದೆ. ಅದೇ ಮೊಹಾವಿಯಲ್ಲಿ 2007ರ ಜುಲೈ 26ರಂದು, ರಾಕೆಟ್ಟನ್ನು ಹೊತ್ತಿಸದೆಯೇ ನೈಟ್ರಸ್ ಆಕ್ಸೈಡ್ ಹರಿವನ್ನು ಪರೀಕ್ಷಿಸುತ್ತಿದ್ದಾಗ ಸ್ಫೋಟವಾಗಿ ಅದೇ ಕಂಪನಿಯ ಮೂವರು ನೌಕರರು ಮಡಿದಿದ್ದರು. ಅವರ ಶ್ರಮವನ್ನೂ ಆಲ್ಸ್‌ಬರಿಯವರ ಶ್ರಮವನ್ನೂ ಹಗುರವಾಗಿ ಕಾಣುವುದು ಸಲ್ಲದು. ವಿಚಾರಣೆಗೆ ಒಳಪಡಬೇಕಾದುದು ಅವರ ಸಾಹಸವಲ್ಲ, ಅವರನ್ನು ಕಳುಹಿಸಿದ ಪ್ರಯೋಜನ. ನಿಷ್ಪ್ರಯೋಜನವಾದ ಹಿಂಸೆಯಿಂದ ವಿರತನಾಗುವುದನ್ನು ಅನರ್ಥದಂಡವ್ರತವೆಂದು ಗೃಹಸ್ಥನಿಗೆ ವಿಧಿಸಲಾಗಿದೆ; ಪ್ರಮಾದಚರ್ಯೆಯನ್ನು ಆಚಾರ್ಯರು ಅನರ್ಥದಂಡದ ಭೇದಗಳಲ್ಲಿಯೇ ಎಣಿಸಿರುವರು. ಅದಕ್ಕೂ ಮೊದಲಿನ ದಿಗ್ವ್ರತವು ಶ್ರಾವಕನು ತನ್ನ ಸಂಚಾರಕ್ಕೆ ಎಲ್ಲೆಯನ್ನು ಗೊತ್ತುಮಾಡಿಕೊಳ್ಳಬೇಕೆನ್ನುತ್ತದೆ; ಅದರ ಅತಿಚಾರಗಳನ್ನು ಹೇಳುವಾಗ ಸೂತ್ರಕಾರರು ಮೊದಲು ಹೆಸರಿಸಿರುವುದು ಊರ್ಧ್ವದಿಕ್ಕಿನ ಎಲ್ಲೆ ಮೀರುವುದನ್ನು. ಬೆಟ್ಟವನ್ನೂ ಮರವನ್ನೂ ಹತ್ತುತ್ತಿದ್ದ ಕಾಲದಲ್ಲಿ ಹೇಳಿದ ಆ ಮಾತು ಎಂಬತ್ತು ಕಿಲೋಮೀಟರ್ ಎತ್ತರದಲ್ಲಿಯೂ ಅರ್ಥವನ್ನು ಕಳೆದುಕೊಂಡಿಲ್ಲ.

ಕಥೆಯು 2014ಕ್ಕೆ ಮುಗಿಯಲಿಲ್ಲ. ‘ಯೂನಿಟಿ’ ಎಂಬ ಎರಡನೆಯ ನೌಕೆಯು 2018ರ ಡಿಸೆಂಬರ್ 13ರಂದು ಎಂಬತ್ತು ಕಿಲೋಮೀಟರ್‌ಗಿಂತ ಮೇಲೇರಿತು. 2021ರ ಜುಲೈ 11ರಂದು ಸಂಸ್ಥಾಪಕ ರಿಚರ್ಡ್ ಬ್ರಾನ್ಸನ್ ಅವರೇ ಅದರಲ್ಲಿ ಹೋಗಿಬಂದರು. ಆ ದಿನ ಇಳಿಯುವಾಗ ನೌಕೆಯು 1 ನಿಮಿಷ 41 ಸೆಕೆಂಡುಗಳ ಕಾಲ ತನಗೆ ಗೊತ್ತುಮಾಡಿದ ವಾಯುಪ್ರದೇಶದಿಂದ ಹೊರಗಿತ್ತು. ನಿಯಮದಂತೆ ಅದನ್ನು ತಿಳಿಸಬೇಕಾದ ಸಂಸ್ಥೆಯು ತಿಳಿಸಲಿಲ್ಲವೆಂದು ವಿಮಾನಯಾನ ಆಡಳಿತವು ಅನಂತರ ನಿರ್ಣಯಿಸಿತು. ಯಾರಿಗೂ ಅಪಾಯವಾಗಲಿಲ್ಲ. ಆದರೂ ಆಲೋಚನೆ, ಪ್ರತಿಕ್ರಮಣಗಳನ್ನು ನಿತ್ಯಕರ್ಮವಾಗಿ ಅರಿತವರಿಗೆ, ತಪ್ಪಿಗಿಂತ ತಪ್ಪನ್ನು ಹೇಳಿಕೊಳ್ಳದಿರುವುದೇ ಹೆಚ್ಚು ಭಾರವಾಗಿ ತೋರುವುದು. 2023ರ ಜೂನ್‌ನಿಂದ ವಾಣಿಜ್ಯ ಹಾರಾಟಗಳನ್ನು ನಡೆಸಿ, 2024ರ ಜೂನ್ 8ರಂದು ಯೂನಿಟಿಯು ತನ್ನ ಕಡೆಯ ಹಾರಾಟವನ್ನು ಮುಗಿಸಿತು.

ಕಡೆಯದಾಗಿ, ಈ ವರದಿಯು ಜೈನ ಸಮಾಜದಲ್ಲಿಯೇ ಬೇರೂರಿರುವ ಒಂದು ಮಾತಿಗೆ ಪ್ರತ್ಯುತ್ತರವಾಗಿದೆ. ಮಾನಸ್ತಂಭಕ್ಕೆ ಸುಣ್ಣ ಹಚ್ಚಲು ಹತ್ತಿದ ಕೂಲಿಯವನು ಜಾರಿ ಬಿದ್ದರೆ, ‘ಅವನ ಕರ್ಮ’ ಎಂದು ಹೇಳಿ ಸುಮ್ಮನಾಗುವವರುಂಟು. ಕರ್ಮಸಿದ್ಧಾಂತವು ಜೀವನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲೆಂದು ಇರುವುದೇ ಹೊರತು, ಯಜಮಾನನು ತನ್ನ ಖಾತೆಯ ಸಾಲವನ್ನು ಕೂಲಿಯವನ ಖಾತೆಗೆ ವರ್ಗಾಯಿಸಲೆಂದು ಅಲ್ಲ. ಬಿದ್ದವನ ಆಯುಷ್ಯಕರ್ಮವು ಏನೇ ಇರಲಿ, ಹಗ್ಗವನ್ನು ಕೊಡದ ಪ್ರಮಾದವು ಕೊಡದವನದೇ. ಯತ್ನಾಚಾರವಿದ್ದಲ್ಲಿ ಪ್ರಾಣಹಾನಿಯಾದರೂ ಹಿಂಸೆಯ ದೋಷವಿಲ್ಲವೆಂದೂ, ಅದಿಲ್ಲದಲ್ಲಿ ಯಾರೂ ಸಾಯದಿದ್ದರೂ ದೋಷವುಂಟೆಂದೂ ಆಚಾರ್ಯರು ಹೇಳಿರುವರು. ಈ ಮಾತಿನ ಪ್ರಕಾರ, ಹಗ್ಗವಿಲ್ಲದೆ ಹತ್ತಿ ಸುರಕ್ಷಿತವಾಗಿ ಇಳಿದು ಬಂದ ದಿನಗಳೂ ಕಾರ್ಯಕಾರಿ ಸಮಿತಿಯ ಲೆಕ್ಕದಲ್ಲಿ ಸೇರಿರುತ್ತವೆ. ಮುಂದಿನ ಜೀರ್ಣೋದ್ಧಾರದ ಅಂದಾಜುಪಟ್ಟಿಯನ್ನು ಮಂಜೂರು ಮಾಡುವ ಮೊದಲು ಹಗ್ಗದ ಬಾಬ್ತು ಅದರಲ್ಲಿ ಇದೆಯೇ ಎಂದು ನೋಡುವ ಧರ್ಮದರ್ಶಿಯು ಆದಾನನಿಕ್ಷೇಪಣ ಸಮಿತಿಯ ತಾತ್ಪರ್ಯವನ್ನು ಅರಿತವನು.