ನವಗ್ರಹಗಳ ವಾದ ಬಿಟ್ಟು ಓದಿ

ಆಡಿಯೊ ಪುಸ್ತಕವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಕೇಳುವವರ ಜತೆ ಈ ಅಂಕಣದ ಜಗಳ ಹಳೆಯದು. ಇವತ್ತು ಅದನ್ನು ಕೆದಕುವುದಿಲ್ಲ. (ಭೈರಪ್ಪನವರ ಕಾದಂಬರಿಯನ್ನು ಆ ವೇಗದಲ್ಲಿ ಮುಗಿಸಿದೆ ಎಂದು ಎದೆಯುಬ್ಬಿಸಿ ಹೇಳುವವರನ್ನು, ಮದುವೆ ಮನೆಯ ಊಟವನ್ನೂ ಹೀಗೇ ಮುಗಿಸುತ್ತೀರಾ ಎಂದು ಕೇಳಬೇಕೆನಿಸುತ್ತದೆ. ಅಷ್ಟೆ.) ಈ ವಾರದ ವಿಷಯ ಸಂಕ್ಷೇಪ. ಖಾರ್‌ಘರ್‌ನ ಓದುಗರೊಬ್ಬರು ಸವಾಲು ಹಾಕಿದ್ದಾರೆ: ಐನೂರು ಪುಟದ ಕಾದಂಬರಿಯನ್ನು ಮೂರು ತಾಸಿಗೆ ಇಳಿಸಿ ಕೊಟ್ಟರೆ ನಿಮ್ಮ ಗಂಟೇನು ಹೋಯಿತು ಮಾರಾಯ್ರೆ, ಪೂರ್ತಿ ಕೇಳಲು ಈ ಊರಲ್ಲಿ ಯಾರಿಗೆ ವೇಳೆ ಇದೆ?

ವೇಳೆಯ ಮಾತನ್ನು ಮೊದಲು ಮುಗಿಸೋಣ. ಆ ಮೂರು ತಾಸೆಂಬ ಅಳತೆ ಹುಟ್ಟಿದ್ದು ಕ್ಯಾಸೆಟ್ಟಿನಿಂದ. ಅಮೆರಿಕದಲ್ಲಿ 1934ರಲ್ಲಿ ಅಂಧರಿಗಾಗಿ ಮಾತಾಡುವ ಪುಸ್ತಕಗಳು ಶುರುವಾದಾಗ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಹದಿನೈದು ನಿಮಿಷದ ಓದು. ಆದರೂ ಅವರು ಪುಸ್ತಕ ಕತ್ತರಿಸಲು ಹೋಗಲಿಲ್ಲ, ತಟ್ಟೆಗಳ ಅಟ್ಟಿಯನ್ನೇ ಅಂಚೆಯಲ್ಲಿ ಮನೆಗೆ ಕಳಿಸಿದರು. ಕತ್ತರಿ ಬಂದದ್ದು ಅಂಗಡಿಯ ಹಿಂದೆ. ತೊಂಬತ್ತು ನಿಮಿಷದ ಎರಡು ಕ್ಯಾಸೆಟ್ಟು ಒಂದು ಡಬ್ಬಿಯಲ್ಲಿ ಕೂರುತ್ತವೆ, ಬೆಲೆಯೂ ಗಿರಾಕಿಗೆ ಎಟಕುತ್ತದೆ. ಆದ್ದರಿಂದ ಕಾದಂಬರಿ ಎಷ್ಟೇ ದೊಡ್ಡದಿರಲಿ, ಮೂರು ತಾಸು. ಇದಕ್ಕೆ ಅಡ್ಡ ನಿಂತವನು ಡುವಾಲ್ ಹೆಕ್ಟ್. 1956ರ ಒಲಿಂಪಿಕ್ಸ್‌ನಲ್ಲಿ ದೋಣಿ ನಡೆಸಿ ಚಿನ್ನ ಗೆದ್ದಿದ್ದ ಈತ ಆಮೇಲೆ ನ್ಯೂಪೋರ್ಟ್ ಬೀಚಿನಿಂದ ಲಾಸ್ ಏಂಜಲಿಸ್‌ಗೆ ದಿನಾ ಕಾರಿನಲ್ಲಿ ಹೋಗಿ ಬರುತ್ತ ರೇಡಿಯೊ ಕೇಳಿ ಕೇಳಿ ರೋಸಿದ್ದ. 1975ರಲ್ಲಿ ‘ಬುಕ್ಸ್ ಆನ್ ಟೇಪ್’ ಶುರುಮಾಡಿ, ಪೂರ್ತಿ ಪುಸ್ತಕಗಳನ್ನು ಬಾಡಿಗೆಗೆ ಅಂಚೆಯಲ್ಲಿ ಕಳಿಸತೊಡಗಿದ. ಗಮನಿಸಿ, ಪೂರ್ತಿ ಪುಸ್ತಕ ಕೇಳಬೇಕೆಂಬ ಹಟ ಹುಟ್ಟಿದ್ದು ದಿನಾ ದೂರ ಓಡಾಡುವ ಒಬ್ಬ ಮನುಷ್ಯನ ತಲೆಯಲ್ಲಿ.

ಓಡಾಟದಲ್ಲಿ ಮುಂಬಯಿಯವರಾದ ನಮ್ಮನ್ನು ಮೀರಿಸುವವರು ಯಾರು? ಸಿಎಸ್‌ಎಂಟಿಯಿಂದ ಥಾಣೆ 34 ಕಿಲೋಮೀಟರು, ಡೊಂಬಿವಲಿ 48, ಕಲ್ಯಾಣ್ 54. ಫಾಸ್ಟ್ ಲೋಕಲ್ ಹಿಡಿದರೂ ಡೊಂಬಿವಲಿಯವನಿಗೆ ಹೋಗಲೊಂದು ತಾಸು, ಬರಲೊಂದು ತಾಸು. ವಾರಕ್ಕೆ ಆರು ದಿನವೆಂದರೆ ಹನ್ನೆರಡು ತಾಸಾಯಿತು. ಚೌಥಿ ಸೀಟಿನಲ್ಲಿ ಅರ್ಧ ಸೊಂಟ ಊರಿದವನಿಗೆ ಪುಸ್ತಕ ಬಿಡಿಸಲು ಮೊಣಕೈಗೆ ಜಾಗವಿಲ್ಲ. ಮೈಯಲ್ಲಿ ಖಾಲಿ ಇರುವುದು ಕಿವಿಯೊಂದೇ. ‘ಮಲೆಗಳಲ್ಲಿ ಮದುಮಗಳು’ ಕೂಡ ಕೆಲವೇ ವಾರಗಳಲ್ಲಿ ಮುಗಿದೀತು. ಪೂರ್ತಿ ಪುಸ್ತಕಕ್ಕೆ ವೇಳೆಯಿಲ್ಲ ಎನ್ನುವ ಮಾತು ಬೆಂಗಳೂರಿನವರ ಬಾಯಲ್ಲಿ ಹೇಗಿರುತ್ತದೋ, ಸೆಂಟ್ರಲ್ ಲೈನಿನವರ ಬಾಯಲ್ಲಿ ಒಪ್ಪುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು. ಕಣ್ಣಿಗೆ ಕಾಣುವ ಕತ್ತರಿಯ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ‘ಸಂಪೂರ್ಣ’ ಎಂಬ ಚೀಟಿ ಅಂಟಿಸಿಕೊಂಡು, ಒಂದು ಅಕ್ಷರವನ್ನೂ ಬಿಡದೆ ಓದಿಯೂ ಪುಸ್ತಕವನ್ನು ಅರ್ಧ ಮಾಡುವವರಿದ್ದಾರಲ್ಲ, ನನ್ನ ತಕರಾರು ಅವರ ಮೇಲೆ.

ಯಶವಂತ ಚಿತ್ತಾಲರ ‘ಶಿಕಾರಿ’ಯನ್ನೇ ತೆಗೆದುಕೊಳ್ಳಿ. 1979ರದು, ಮುಂಬಯಿಯ ಕಂಪನಿ ಜಗತ್ತಿನ ಕನ್ನಡ ಕಾದಂಬರಿ ಎಂದರೆ ಇವತ್ತಿಗೂ ಮೊದಲು ನೆನಪಾಗುವುದು ಅದೇ. ನಾಗಪ್ಪನಿಗೆ ತನ್ನ ವಿರುದ್ಧ ಏನೋ ಹೂಡಲಾಗಿದೆ ಎಂಬ ಶಂಕೆ. ಫಿರೋಜ್ ಬಂದೂಕವಾಲಾ ನಕ್ಕರೆ ಆ ನಗುವಿಗೆ ಅರ್ಥವಿದೆ, ಬಾಲ್ಯದಿಂದ ಬಲ್ಲ ಶ್ರೀನಿವಾಸ ಮನೆಗೆ ಕರೆದರೆ ಆ ಕರೆಗೂ ಅರ್ಥವಿದೆ. ಬೇಟೆ ನಿಜವಾಗಿಯೂ ನಡೆದಿದೆಯೋ, ಅದರಲ್ಲಿ ಎಷ್ಟು ಪಾಲು ನಾಗಪ್ಪನ ತಲೆಯೊಳಗಿನದೋ ಎಂಬುದು ಕಾದಂಬರಿಯುದ್ದಕ್ಕೂ ತೂಗಾಡುತ್ತದೆ. ಓದುವವನು ಪುಟ ತಿರುವುತ್ತ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತಾನೆ. ಈಗ ಒಬ್ಬ ಉತ್ಸಾಹಿ ನಟ ಮೈಕಿನ ಮುಂದೆ ಕೂತು ಫಿರೋಜನ ಮಾತಿಗೆಲ್ಲ ಗಂಟಲಾಳದ ಖಳನ ದನಿ ಕೊಟ್ಟನೆನ್ನಿ. ಆಯಿತು, ತೀರ್ಪು ಬಂತು. ಶಂಕೆ ನಿಜವೆಂದು ಮೊದಲ ಅರ್ಧ ತಾಸಿನಲ್ಲೇ ಕೇಳುಗನಿಗೆ ಗೊತ್ತಾಯಿತು. ಉಳಿದದ್ದು ಬರೀ ಸಸ್ಪೆನ್ಸ್ ಸೀರಿಯಲ್ಲು. ಒಂದು ವಾಕ್ಯವೂ ಹೋಗಿಲ್ಲ, ಆದರೆ ಚಿತ್ತಾಲರು ಬೆವರು ಸುರಿಸಿ ಕಟ್ಟಿದ ಅನುಮಾನವೇ ಹೋಯಿತು.

ದನಿಯ ಕತ್ತರಿ ಎಂದರೆ ಇದೇ. ಎಲ್ಲಿ ನಿಲ್ಲಬೇಕು, ಯಾವ ಪದಕ್ಕೆ ಒತ್ತು ಕೊಡಬೇಕು, ವ್ಯಂಗ್ಯವನ್ನು ವ್ಯಂಗ್ಯವೆಂದು ತೋರಿಸಿಕೊಡಬೇಕೋ ಬೇಡವೋ, ಹೀಗೆ ಓದುವವನು ಹೆಜ್ಜೆ ಹೆಜ್ಜೆಗೂ ಆಯ್ಕೆ ಮಾಡುತ್ತಿರುತ್ತಾನೆ. ಪುಟದ ಮೇಲೆ ಎರಡು ಮೂರು ದಾರಿಗಳಿದ್ದರೆ ದನಿ ಒಂದನ್ನು ಹಿಡಿದು ಮಿಕ್ಕವನ್ನು ಮುಚ್ಚುತ್ತದೆ. ಒಳ್ಳೆಯ ಓದುಗ ಇದನ್ನು ಬಲ್ಲ. ತನ್ನ ದನಿಯನ್ನು ತುಸು ಹಿಂದಿಟ್ಟು ಓದುತ್ತಾನೆ.

ಗುಡುಗು ಮಳೆ ಪಂಥದವರಿಗೆ ಇದು ತಿಳಿಯುವುದಿಲ್ಲ. ಬಾಗಿಲು ಎಂದರೆ ಕಿರ್ರೆನ್ನಬೇಕು, ಮಳೆ ಎಂದರೆ ಧೋ ಎನ್ನಬೇಕು, ದುಃಖ ಎಂದರೆ ಕೊಳಲು. ಇತ್ತೀಚೆಗೆ ಕೇಳಿದ ಒಂದು ಮುಂಬಯಿ ಕಥೆಯಲ್ಲಿ ನಾಯಕ ಲೋಕಲ್ ಹತ್ತುತ್ತಾನೆ, ಹಿನ್ನೆಲೆಯಲ್ಲಿ ಉಗಿಬಂಡಿಯ ಸೀಟಿ, ಛುಕ್ ಛುಕ್. ಸ್ವಾಮಿ, ಈ ಊರಲ್ಲಿ ವಿ.ಟಿ.ಯಿಂದ ಕುರ್ಲಾಕ್ಕೆ ಕರೆಂಟಿನ ರೈಲು ಓಡಿದ್ದು 1925ರ ಫೆಬ್ರವರಿ 3ರಂದು. ಆ ಸೀಟಿ ಕೇಳಿದ ಮೇಲೆ ಕಥೆಗಾರರ ಮುಂಬಯಿಯನ್ನು ನಾನು ಹೇಗೆ ನಂಬಲಿ?

ಉಚ್ಚಾರದ್ದು ಇನ್ನೊಂದು ಕಥೆ. ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ ಎಷ್ಟೋ ಜನ, ವಿಶೇಷವಾಗಿ ನಮ್ಮ ಕರಾವಳಿ ಕಡೆಯವರು, ಓದಲಾಗುವುದಿಲ್ಲ ಎಂದು ಕೈಬಿಟ್ಟಿದ್ದರು. ನಂಜನಗೂಡಿನ ಕಡೆಯ ಆಡುಮಾತು ಅಚ್ಚಿನಲ್ಲಿ ಕಣ್ಣಿಗೆ ತೊಡಕು. ಆ ಸೀಮೆಯವರು ಬಾಯಿಬಿಟ್ಟು ಓದಿದರೆ ನೀರಿನ ಹಾಗೆ ಸರಾಗ. ಆಡಿಯೊ ಎಂಬುದು ಇಂಥ ಪುಸ್ತಕಕ್ಕಾಗಿಯೇ ಬಂದ ಹಾಗಿದೆ. ಆದರೆ ಅದನ್ನು ವಾರ್ತಾವಾಚಕರ ಕನ್ನಡದಲ್ಲಿ ತಿದ್ದಿ ತೀಡಿ ಓದುವುದಕ್ಕಿಂತ ಹತ್ತು ಅಧ್ಯಾಯ ಕತ್ತರಿಸುವುದೇ ವಾಸಿ.

ಈ ವಿಷಯದಲ್ಲಿ ಪಕ್ಕದ ಮನೆಯ ಮರಾಠಿಗರನ್ನು ಕಂಡು ಹೊಟ್ಟೆಯುರಿದರೆ ತಪ್ಪಿಲ್ಲ. ಪು.ಲ. ದೇಶಪಾಂಡೆಯವರು ‘ಬಟಾಟ್ಯಾಚಿ ಚಾಳ್’ ಹೇಳುವ ದನಿ ಡೊಂಬಿವಲಿಯ ಮನೆಮನೆಯಲ್ಲಿ ಕ್ಯಾಸೆಟ್ಟಾಗಿ ಕೂತಿತ್ತು. ಶಂಕರ ಪಾಟೀಲ, ದ.ಮಾ. ಮಿರಾಸದಾರ, ವ್ಯಂಕಟೇಶ ಮಾಡಗೂಳಕರ್ ಮೂವರೂ ಊರೂರು ತಿರುಗಿ ತಮ್ಮ ಕಥೆಗಳನ್ನು ವೇದಿಕೆಯಲ್ಲಿ ಹೇಳಿದರು. ಬರೆದವನ ಉಸಿರೇ ಕೇಳುಗರ ಕಿವಿಯಲ್ಲಿ ಅಳತೆಗೋಲಾಗಿ ಉಳಿಯಿತು. ಆಡಿಯೊ ಪುಸ್ತಕಗಳ ಸ್ಟೋರಿಟೆಲ್ 2017ರಲ್ಲಿ ಭಾರತಕ್ಕೆ ಬಂದಾಗ ಆ ಕಿವಿಗಳು ತಯಾರಿದ್ದವು. ನಮ್ಮದೇ ಮೈಲ್ಯಾಂಗ್ ಬಂದದ್ದು 2020ರಲ್ಲಿ. ಕನ್ನಡದ ಕಿವಿಗೆ ಅಂಥ ತಯಾರಿ ಇರಲಿಲ್ಲವೇ?

ಇತ್ತು. ಸಂಕ್ಷೇಪವನ್ನು ಬಯ್ಯಲು ಹೊರಟವನಿಗೆ ಅಡ್ಡ ಬರುವುದೂ ಅದೇ ತಯಾರಿ. ಕುಮಾರವ್ಯಾಸ ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಹೇಳಿ ಗದಾಪರ್ವಕ್ಕೆ ನಿಲ್ಲಿಸಿದ; ಅದನ್ನು ಅರೆ ಪುಸ್ತಕ ಎಂದವರನ್ನು ನಾನು ಕಂಡಿಲ್ಲ. ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಒಂದೇ ಸಂಪುಟದ ಸಂಕ್ಷೇಪ. ಕನ್ನಡ ಗದ್ಯ ಕಲಿಯುವವರಿಗೆ ನಾನು ಮೊದಲು ಹೇಳುವ ಪುಸ್ತಕವೂ ಅದೇ. ಗಮಕಿಗಳಂತೂ ಭಾರತವನ್ನು ಆಯ್ದೇ ಓದುತ್ತಾರೆ. ಶಿವಮೊಗ್ಗದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಗಮಕ ಎಂದರೇನು ಎಂದು ಲೋಕಲ್ ಗ್ರೂಪಿನ ಹುಡುಗರು ಕೇಳಿದ್ದರು. ಉತ್ತರ ಬೇಕಿದ್ದರೆ, ಕೃಷ್ಣ ಕರ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀನು ಕುಂತಿಯ ಮಗ ಎಂದು ಹೇಳುವ ಸಂದರ್ಭ ನೆನೆಯಿರಿ. ಸಂಧಾನ ಮುರಿದಿದೆ, ಯುದ್ಧ ಖಚಿತ; ಇಷ್ಟು ದಿನ ಎಲ್ಲಿತ್ತೋ ಆ ಸಲಿಗೆ ಈಗ ಬಂದಿದೆ. ಕರ್ಣ ಹಿಗ್ಗಬೇಕು, ಹಿಗ್ಗುವುದಿಲ್ಲ. ಕೊರಳ ಸೆರೆ ಉಬ್ಬುತ್ತದೆ, ಕಣ್ಣು ತುಂಬುತ್ತದೆ, ಕೌರವನಿಗೆ ಕೇಡಾಯಿತಲ್ಲ ಎಂದು ಮರುಗುತ್ತಾನೆ. ಗಮಕಿ ಆ ಪದ್ಯವನ್ನು ಎರಡೆರಡು ಸಲ ಹಾಡುತ್ತಾನೆ, ವ್ಯಾಖ್ಯಾನಕಾರ ಅರ್ಧ ತಾಸು ಅಲ್ಲೇ ನಿಲ್ಲುತ್ತಾನೆ. ಒಂದು ಕಡೆ ನೂರಾರು ಪದ್ಯ ಬಿಟ್ಟರು, ಇನ್ನೊಂದು ಕಡೆ ಒಂದೇ ಪದ್ಯವನ್ನು ಹಿಗ್ಗಿಸಿದರು. ಕೃಷ್ಣನ ದನಿಯಲ್ಲಿ ಪ್ರೀತಿ ಎಷ್ಟು, ರಾಜಕಾರಣ ಎಷ್ಟು ಎಂಬುದನ್ನು ಒಳ್ಳೆಯ ಗಮಕಿ ಇತ್ಯರ್ಥ ಮಾಡುವುದಿಲ್ಲ. ರಾಗ ಎರಡನ್ನೂ ಹಿಡಿದುಕೊಂಡಿರುತ್ತದೆ.

ಗಮಕ ದೂರದ್ದಾಯಿತು ಎನ್ನುವವರು ನೆರೂಲ್‌ಗೋ ಡೊಂಬಿವಲಿಗೋ ಒಂದು ಶನಿವಾರ ಬನ್ನಿ. ಶನಿ ಪೂಜಾ ಸಮಿತಿಗಳ ಗ್ರಂಥ ಪಾರಾಯಣ ಮುಂಬಯಿಯ ತುಳು ಕನ್ನಡಿಗರು ಕಟ್ಟಿ ಬೆಳೆಸಿದ ಆಡಿಯೊ ಪುಸ್ತಕವೇ. ವಾಚಕರು ಪದ್ಯ ಓದುತ್ತಾರೆ, ಅರ್ಥಧಾರಿಗಳು ತಾಳಮದ್ದಳೆಯ ಧಾಟಿಯಲ್ಲಿ ಅರ್ಥ ಹೇಳುತ್ತಾರೆ. ಬಣ್ಣವಿಲ್ಲ, ವೇಷವಿಲ್ಲ, ದನಿ ಮಾತ್ರ. ಹಗಲೆಲ್ಲ ಹೋಟೆಲಿನ ಗಲ್ಲೆಯಲ್ಲಿ ಕೂತಿದ್ದವರು ರಾತ್ರಿ ಎಂಟಕ್ಕೆ ಶನಿ ಕಾಡಿದ ವಿಕ್ರಮರಾಜ. ಮೇಲೆ ಹೇಳಿದ ಉತ್ಸಾಹಿ ನಟನಿಗೆ ಕಲಿಯಲು ಇಲ್ಲಿ ಬೇಕಾದಷ್ಟಿದೆ: ಶನಿಯ ಮಾತನ್ನು ನಮ್ಮ ಹಿರಿಯ ಅರ್ಥಧಾರಿಗಳು ಅಬ್ಬರಿಸದೆ ಹೇಳುತ್ತಾರೆ. ಕಾಡುವವನೂ ಅವನೇ, ಕೊನೆಗೆ ಕಾಯುವವನೂ ಅವನೇ ಎಂದು ಮುಂದೆ ಕೂತವರಿಗೆಲ್ಲ ಗೊತ್ತು. ಮೊದಲೇ ಖಳನನ್ನಾಗಿ ಮಾಡಿಬಿಟ್ಟರೆ ಮುಂದೆ ಮಂಗಳಾರತಿ ಎತ್ತುವುದು ಯಾರಿಗೆ?

ಕತ್ತರಿ ಅಲ್ಲಿಯೂ ಇದೆ. ಕಥೆ ತೊಡಗುವುದು ಒಂಬತ್ತು ಗ್ರಹಗಳಲ್ಲಿ ಯಾರು ದೊಡ್ಡವರು ಎಂಬ ವಾದದಿಂದ. ಪಂಡಿತರು ಒಬ್ಬೊಬ್ಬರಾಗಿ ಎದ್ದು ಒಂದೊಂದು ಗ್ರಹವನ್ನು ಹೊಗಳುತ್ತಾರೆ. ಸಾವಧಾನದಿಂದ ಓದಿದರೆ ಅದಕ್ಕೇ ಬಹಳ ಹೊತ್ತು ಬೇಕು. ಮಹಾಪ್ರಸಾದವಾಗಬೇಕು, ಕಲ್ಯಾಣದವರು ಗಾಡಿ ಹಿಡಿಯಬೇಕು. ಸಮಿತಿಯವರು ವಾಚಕರ ಕಿವಿಯಲ್ಲಿ ಹೇಳುತ್ತಾರೆ: ‘ಅಣ್ಣಾ, ನವಗ್ರಹಗಳ ವಾದ ಬಿಟ್ಟು ಓದಿ.’ ವಾಚಕರು ಹಾರಿ ನೇರ ಕುದುರೆಗೆ ಬರುತ್ತಾರೆ. ಕುದುರೆ ವಿಕ್ರಮನನ್ನು ಹೊತ್ತು ಅಡವಿಗೆ ಓಡುವುದು, ಚಿತ್ರದ ಹಂಸ ಹಾರ ನುಂಗುವುದು, ಕೈಕಾಲು ಕಳೆದುಕೊಂಡ ರಾಜ ಗಾಣದ ಮನೆಯಲ್ಲಿ ಕೂತು ಎತ್ತು ಹೊಡೆಯುವುದು, ದೀಪಕ ರಾಗಕ್ಕೆ ಊರಿನ ದೀಪಗಳೆಲ್ಲ ಹೊತ್ತಿಕೊಳ್ಳುವುದು, ಇವನ್ನು ಬಿಟ್ಟರೆ ಜನ ಬಿಡುವುದಿಲ್ಲ. ಮೊದಲ ಸಾಲಿನ ಅಜ್ಜಿಯರಿಗೆ ಬಿಟ್ಟದ್ದೇನು ಎಂಬುದೂ ಬಾಯಿಪಾಠ. ಒಮ್ಮೊಮ್ಮೆ ಗದರುವುದೂ ಉಂಟು.

ಖಾರ್‌ಘರ್‌ನವರಿಗೆ ನನ್ನ ಉತ್ತರ ಈಗ ಕೊಡಬಹುದು. ಕೇಳುಗನಿಗೆ ಇಡೀ ಕಥೆ ಗೊತ್ತಿರುವಲ್ಲಿ ಕತ್ತರಿಸಿ, ಅಡ್ಡಿಯಿಲ್ಲ. ಮೊದಲ ಸಲ ಕೇಳುವವನಿಗೆ ಹೇಳದೆ ಕತ್ತರಿಸಿದರೆ ಅದು ಕಳವು. ಅಟ್ಟೆಯ ಮೇಲೆ ಲೇಖಕರ ಹೆಸರಿನ ಕೆಳಗೆ ಓದಿದವರ ಹೆಸರಿರಲಿ, ಕತ್ತರಿಸಿದ್ದರೆ ಕತ್ತರಿಸಿದವರ ಹೆಸರೂ ಅಷ್ಟೇ ದೊಡ್ಡ ಅಕ್ಷರದಲ್ಲಿರಲಿ. ‘ವಚನಭಾರತ’ದ ಮೇಲೆ ಕೃಷ್ಣಶಾಸ್ತ್ರಿಗಳ ಹೆಸರಿದೆಯಲ್ಲ.

ಸಮಿತಿಗಳವರಲ್ಲಿ ಒಂದು ವಿನಂತಿ. ನಿಮ್ಮ ಹಿರಿಯ ವಾಚಕರ ದನಿ ಇನ್ನೂ ಗಟ್ಟಿಯಿದೆ, ಮೊಬೈಲು ಎಲ್ಲರ ಜೇಬಿನಲ್ಲೂ ಇದೆ. ಬರುವ ಶ್ರಾವಣದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಗಾಡಿಯ ಆತುರವಿಲ್ಲದ ಹೊತ್ತಿನಲ್ಲಿ, ಫ್ಯಾನು ಆರಿಸಿ ಅವರನ್ನು ಕೂರಿಸಿ ಓದಿಸಿ, ರೆಕಾರ್ಡ್ ಮಾಡಿಟ್ಟುಕೊಳ್ಳಿ. ನವಗ್ರಹಗಳ ವಾದವೂ ಸೇರಿ, ಪೂರ್ತಿ.